ಡಿಸ್ಕ್ ಟಿ2 ಮ್ಯಾಪಿಂಗ್: ಹೊರಸುತ್ತಿನ ಅಂಕಿ ಏಕೆ ಏರುತ್ತಿದೆ? ಬೆಳಿಗ್ಗೆ–ಸಂಜೆ ಲೆಕ್ಕ ಏಕೆ ತಾಳೆಯಾಗುತ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೊಂಟದ ಡಿಸ್ಕ್‌ಗಳ ಸವೆತವನ್ನು ಅಂಕಿಯಲ್ಲಿ ಹಿಡಿಯಲು 3 ಟೆಸ್ಲಾ ಎಂಆರ್‌ಐನಲ್ಲಿ ಟಿ2 ಮ್ಯಾಪಿಂಗ್ (ಸಿಗ್ನಲ್ ಕ್ಷೀಣಿಸಲು ಹಿಡಿಯುವ ಕಾಲವನ್ನು ಪಿಕ್ಸೆಲ್‌ವಾರು ಅಳೆಯುವುದು; ನೀರು ಹೆಚ್ಚಿದ್ದಲ್ಲಿ ಟಿ2 ಹೆಚ್ಚು) ಮಾಡುತ್ತಿದ್ದೇವೆ. ಚಿತ್ರ ನೋಡಿ ಸವೆತಕ್ಕೆ ಕೊಡುವ ಪಿರ್ಮನ್ ದರ್ಜೆ ಏನಿದ್ದರೂ ಕಣ್ಣಳತೆ. ಅದರಲ್ಲಿ ಇರುವುದೇ ಐದು ಮೆಟ್ಟಿಲು. ಒಂದೇ ದರ್ಜೆಯೊಳಗೆ ಆಗುವ ಬದಲಾವಣೆ ಅದಕ್ಕೆ ಕಾಣುವುದೇ ಇಲ್ಲ.

ಸೆಟ್ಟಿಂಗ್ ಹೀಗಿದೆ: ಸ್ಯಾಜಿಟಲ್ (ಪಕ್ಕದಿಂದ ಕಾಣುವ ಸೀಳುನೋಟ) ಮಲ್ಟಿ-ಎಕೋ ಸ್ಪಿನ್ ಎಕೋ (ಒಂದು ಪ್ರಚೋದನೆಗೆ ಮರಳುವ ಸಿಗ್ನಲನ್ನು, ಅಂದರೆ ಎಕೋವನ್ನು, ಹಲವು ಸಲ ಹಿಡಿಯುವ ಕ್ರಮ), 10ರಿಂದ 100 ಮಿಲಿಸೆಕೆಂಡ್‌ವರೆಗೆ 10 ಎಕೋ, ಟಿಆರ್ (ಪ್ರಚೋದನೆಗಳ ನಡುವಿನ ಕಾಲ) 2000 ಮಿಲಿಸೆಕೆಂಡ್, ಸ್ಲೈಸ್ 4 ಮಿ.ಮೀ., ಪಿಕ್ಸೆಲ್ 0.8 ಮಿ.ಮೀ., ಬ್ಯಾಂಡ್‌ವಿಡ್ತ್ ಪಿಕ್ಸೆಲ್‌ಗೆ 220 ಹರ್ಟ್ಸ್. ಫ್ರೀಕ್ವೆನ್ಸಿ ಎನ್‌ಕೋಡಿಂಗ್ ತಲೆ–ಕಾಲು ದಿಕ್ಕಿನಲ್ಲಿದೆ. ಟಿ2 ಪಡೆಯಲು ಸಿಗ್ನಲ್‌ನ ಲಾಗ್ ತೆಗೆದು ಸರಳರೇಖೆ ಹೊಂದಿಸುತ್ತೇವೆ.

ಮೊದಲ ಎಕೋಗಿಂತ ಎರಡನೆಯದು ಹೆಚ್ಚು ಬೆಳ್ಳಗಿದೆ. ಆನ್ಯುಲಸ್‌ನ (ಡಿಸ್ಕ್ ಸುತ್ತಲಿನ ನಾರಿನ ಉಂಗುರ) ಹೊರಸುತ್ತಿನಲ್ಲಿ ಟಿ2 ನಿರೀಕ್ಷೆಗಿಂತ ಬಹಳ ಹೆಚ್ಚು ಬರುತ್ತದೆ. ಒಬ್ಬರದೇ ಬೆಳಗಿನ ಮತ್ತು ಸಂಜೆಯ ಅಂಕಿ ತಾಳೆಯಾಗುವುದಿಲ್ಲ. ಎಲ್ಲಿ ತಿದ್ದಬೇಕು? ಟಿ1ರೋಗೆ (ಇನ್ನೊಂದು ಬಗೆಯ ಎಂಆರ್‌ಐ ಅಳತೆ) ಹೋಗುವುದೇ ಒಳ್ಳೆಯದೇ?

ಉತ್ತರ 1

ಮೊದಲು ಎಕೋ ವಿಷಯ. ಎಕೋ ಹುಟ್ಟಿಸುವ 180 ಡಿಗ್ರಿ ರೀಫೋಕಸಿಂಗ್ ಪಲ್ಸ್ ಸ್ಲೈಸ್‌ನ ಉದ್ದಗಲಕ್ಕೂ 180 ಇರುವುದಿಲ್ಲ, ಅಂಚಿನಲ್ಲಿ ಇಳಿಯುತ್ತದೆ. ಕೋನ 150ಕ್ಕೆ ಇಳಿದರೆ ಮೊದಲ ಎಕೋಗೆ ಸಿಗುವುದು ಸುಮಾರು ಶೇ. 93, 120ಕ್ಕೆ ಇಳಿದರೆ ಶೇ. 75 ಮಾತ್ರ. ಕಳೆದುಹೋದ ಸಿಗ್ನಲ್‌ನ ಒಂದು ಭಾಗ ಸ್ಟಿಮ್ಯುಲೇಟೆಡ್ ಎಕೋ ಆಗಿ ಎರಡನೆಯದರಿಂದ ಮುಂದಕ್ಕೆ ಬಂದು ಸೇರುತ್ತದೆ. ಹಾಗಾಗಿ ಇಳಿಜಾರು ನಿಧಾನವಾಗಿ ಕಂಡು ಟಿ2 ಉಬ್ಬುತ್ತದೆ.

ಮೊದಲ ಎಕೋವನ್ನು ಫಿಟ್‌ನಿಂದ ಬಿಡುವುದು ರೂಢಿ. ಅದು ಅರ್ಧ ಮದ್ದು ಅಷ್ಟೇ, ಉಳಿದವುಗಳಲ್ಲೂ ಕಲಬೆರಕೆ ಇದ್ದೇ ಇರುತ್ತದೆ. ಸಾಧ್ಯವಿದ್ದರೆ ಇಪಿಜಿ ಮಾದರಿಯಲ್ಲಿ (ಎಕ್ಸ್‌ಟೆಂಡೆಡ್ ಫೇಸ್ ಗ್ರಾಫ್, ಇಂಥ ಕಲಬೆರಕೆಯನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿ) ಟಿ2 ಜೊತೆಗೆ ಬಿ1 (ರೇಡಿಯೋ ಪಲ್ಸ್‌ನ ಬಲ) ಅನ್ನೂ ಹೊಂದಿಸಿ. ಆಗ ಮೊದಲ ಎಕೋ ಬಿಡಬೇಡಿ, ಬಿ1 ಸುಳಿವು ಇರುವುದೇ ಅದರಲ್ಲಿ. ಇಪಿಜಿ ಇಲ್ಲದಿದ್ದರೆ ಎಲ್ಲರಿಗೂ, ಎಲ್ಲ ಸಲವೂ ಒಂದೇ ಎಕೋಗಳನ್ನು ಬಳಸಿ. ಸ್ಲೈಸ್‌ಗಳ ನಡುವೆ ಧಾರಾಳ ಗ್ಯಾಪ್ ಕೊಡಿ.

ಇನ್ನು ಹೊರಸುತ್ತು. ಅಲ್ಲಿನ ನಿಜವಾದ ಟಿ2 30 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. 60ರ ಎಕೋ ಹೊತ್ತಿಗೆ ಉಳಿಯುವುದು ಶೇ. 13.5, 100ರಲ್ಲಿ ಶೇ. 3.6. ಆರಂಭದ ಸಿಗ್ನಲ್ ನಾಯ್ಸ್‌ನ 30 ಪಟ್ಟು ಇದ್ದರೆ ನಾಯ್ಸ್ ಶೇ. 3.3. ಮ್ಯಾಗ್ನಿಟ್ಯೂಡ್ ಚಿತ್ರದಲ್ಲಿ ನಾಯ್ಸ್ ಸೊನ್ನೆಗೆ ಇಳಿಯುವುದಿಲ್ಲ. ಸಿಗ್ನಲ್ ಹಿಡಿಯುವ ಕಾಯಿಲ್ ಚಾನೆಲ್ ಒಂದೇ ಇದ್ದರೂ ಸರಾಸರಿ ಅದರ 1.25 ಪಟ್ಟು, ಅಂದರೆ ಶೇ. 4.2ರಲ್ಲಿ ನಿಲ್ಲುತ್ತದೆ. ಕೊನೆಯ ಎಕೋದಲ್ಲಿ ನೀವು ಅಳೆಯುತ್ತಿರುವುದು ಹೆಚ್ಚುಕಡಿಮೆ ನಾಯ್ಸ್ ಅನ್ನೇ! ಕರ್ವ್‌ನ ಬಾಲ ಚಪ್ಪಟೆಯಾಗುತ್ತದೆ, ಫಿಟ್ ಅದನ್ನು ನಂಬಿ ಟಿ2 ಹೆಚ್ಚಿಸುತ್ತದೆ. ಲಾಗ್ ತೆಗೆದಾಗ ಈ ದುರ್ಬಲ ಬಿಂದುಗಳಿಗೂ ಗಟ್ಟಿ ಬಿಂದುಗಳಷ್ಟೇ ತೂಕ ಸಿಗುವುದರಿಂದ ತಪ್ಪು ಇನ್ನೂ ಬೆಳೆಯುತ್ತದೆ. ನಾಯ್ಸ್‌ನ 3 ಪಟ್ಟಿಗಿಂತ ಕೆಳಗಿಳಿದ ಎಕೋಗಳನ್ನು ಕತ್ತರಿಸಿ, ನಾನ್‌ಲೀನಿಯರ್ ಫಿಟ್ ಮಾಡಿ. ಪ್ಯಾರಲಲ್ ಇಮೇಜಿಂಗ್ (ಹಲವು ಕಾಯಿಲ್ ಬಳಸಿ ಸ್ಕ್ಯಾನ್ ಬೇಗ ಮುಗಿಸುವ ವಿಧಾನ) ಇದ್ದರೆ ಚಿತ್ರದ ಮೂಲೆಯ ಗಾಳಿಯಿಂದ ನಾಯ್ಸ್ ಅಳೆಯಬೇಡಿ, ಅಲ್ಲಿನದೇ ಬೇರೆ ಡಿಸ್ಕ್ ಜಾಗದ್ದೇ ಬೇರೆ. ಎರಡು ಸಲ ಸ್ಕ್ಯಾನ್ ಮಾಡಿ ಕಳೆದು ನೋಡಿ.

ಉತ್ತರ 2

ಮೇಲಿನದಕ್ಕೆ ಒಪ್ಪುತ್ತೇನೆ. ಆದರೆ ನನ್ನ ಕಣ್ಣು ಮೊದಲು ಹೋದದ್ದು ಎನ್‌ಕೋಡಿಂಗ್ ದಿಕ್ಕಿಗೆ, ಅಂದರೆ ಫ್ರೀಕ್ವೆನ್ಸಿ ನೋಡಿ ಸ್ಥಾನ ಗುರುತಿಸುವ ದಿಕ್ಕಿಗೆ. 3 ಟೆಸ್ಲಾದಲ್ಲಿ ಕೊಬ್ಬು ಮತ್ತು ನೀರಿನ ಅಂತರ ಸುಮಾರು 440 ಹರ್ಟ್ಸ್. ಪಿಕ್ಸೆಲ್‌ಗೆ 220 ಎಂದರೆ ಕಶೇರುವಿನ ಮಜ್ಜೆಯ ಕೊಬ್ಬು 2 ಪಿಕ್ಸೆಲ್, ಅಂದರೆ 1.6 ಮಿ.ಮೀ. ಜರುಗುತ್ತದೆ. ತಲೆ–ಕಾಲು ದಿಕ್ಕಿನಲ್ಲಿ ಜರುಗಿದರೆ ಅದು ನೇರ ಎಂಡ್‌ಪ್ಲೇಟ್ (ಡಿಸ್ಕ್ ಮತ್ತು ಕಶೇರುವಿನ ನಡುವಿನ ತೆಳು ಪದರ) ದಾಟಿ ಡಿಸ್ಕ್ ಮೇಲೆ ಕೂರುತ್ತದೆ. ಪರೀಕ್ಷಿಸುವುದು ಸುಲಭ: ಒಂದು ಎಂಡ್‌ಪ್ಲೇಟ್ ದಪ್ಪ ಕಪ್ಪು ಗೆರೆಯಾಗಿ, ಎದುರಿನದು ಇಲ್ಲವೇ ಇಲ್ಲ ಎನ್ನುವಷ್ಟು ತೆಳುವಾಗಿ ಕಂಡರೆ ಇದೇ ಕಾರಣ. ಸವೆದು ತೆಳುವಾದ ಡಿಸ್ಕ್‌ನಲ್ಲಿ ಈ ಪೆಟ್ಟು ಹೆಚ್ಚು, ಆದರೆ ನೀವು ಅಳೆಯಬೇಕಿರುವುದು ಅದನ್ನೇ.

ಫ್ರೀಕ್ವೆನ್ಸಿಯನ್ನು ಹಿಂದೆ–ಮುಂದೆ ದಿಕ್ಕಿಗೆ ತಿರುಗಿಸಿ, ಬ್ಯಾಂಡ್‌ವಿಡ್ತ್ 440ಕ್ಕೆ ಏರಿಸಿ. ಸಿಗ್ನಲ್–ನಾಯ್ಸ್ ಅನುಪಾತ ಸುಮಾರು ಶೇ. 30 ಇಳಿಯುತ್ತದೆ, ಇಳಿಯಲಿ. ಫೇಸ್ ದಿಕ್ಕು ತಲೆ–ಕಾಲಿಗೆ ಬರುವುದರಿಂದ ಉಸಿರಾಟದ, ಮಹಾಧಮನಿಯ ನೆರಳುಗಳು ಡಿಸ್ಕ್ ಮೇಲೆ ಬೀಳುವುದೂ ತಪ್ಪುತ್ತದೆ. ಫೇಸ್ ಓವರ್‌ಸ್ಯಾಂಪ್ಲಿಂಗ್ ಮರೆಯಬೇಡಿ, ಇಲ್ಲದಿದ್ದರೆ ಬೆನ್ನಿನ ಮೇಲ್ಭಾಗ ಮಡಚಿ ಕೆಳಗೆ ಬರುತ್ತದೆ. ಹೊಟ್ಟೆಯ ಮೇಲೆ ಸ್ಯಾಚುರೇಷನ್ ಬ್ಯಾಂಡ್ (ಅಲ್ಲಿನ ಸಿಗ್ನಲ್ ಅಡಗಿಸುವ ಪಟ್ಟಿ) ಇರಲಿ.

ಆರ್‌ಒಐಗೆ (ಅಳೆಯಲು ಗುರುತಿಸುವ ಜಾಗಕ್ಕೆ) ಮಧ್ಯ ಸ್ಯಾಜಿಟಲ್ ಸ್ಲೈಸ್‌ನಲ್ಲಿ ಡಿಸ್ಕನ್ನು ಮುಂದಿನಿಂದ ಹಿಂದಕ್ಕೆ ಐದು ಸಮಭಾಗ ಮಾಡಿ, ಎಂಡ್‌ಪ್ಲೇಟ್‌ನಿಂದ ಒಂದು ಪಿಕ್ಸೆಲ್ ಒಳಗೇ ನಿಲ್ಲಿ. ಹಿಂಬದಿ ಆನ್ಯುಲಸ್‌ನಲ್ಲಿ ಒಂದು ಸೂಕ್ಷ್ಮ: ಅಲ್ಲಿ ಬಿರುಕಿದ್ದರೆ ದ್ರವ ಸೇರಿ ಟಿ2 ನಿಜವಾಗಿಯೇ ಏರುತ್ತದೆ. ಇಡೀ ಡಿಸ್ಕ್‌ನ ಸರಾಸರಿ ಕೊಟ್ಟರೆ ನ್ಯೂಕ್ಲಿಯಸ್‌ನ (ಡಿಸ್ಕ್‌ನ ಮೆತ್ತನೆಯ ನಡುಭಾಗ) ಇಳಿಕೆ ಮತ್ತು ಬಿರುಕಿನ ಏರಿಕೆ ಒಂದನ್ನೊಂದು ನುಂಗಿಹಾಕುತ್ತವೆ. ದಯವಿಟ್ಟು ಆ ಸರಾಸರಿ ಕೊಡಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಒಂದು ಎಂಡ್‌ಪ್ಲೇಟ್ ದಪ್ಪ, ಇನ್ನೊಂದು ತೆಳು, ನಮ್ಮ ಚಿತ್ರದಲ್ಲಿ ಹಾಗೆಯೇ ಇದೆ. ಬೆಳಿಗ್ಗೆ–ಸಂಜೆ ವಿಷಯ ಮತ್ತು ಟಿ1ರೋ ಬಗ್ಗೆಯೂ ಯಾರಾದರೂ ಹೇಳುವಿರಾ?

ಉತ್ತರ 3

ಬೆಳಿಗ್ಗೆ–ಸಂಜೆ ವ್ಯತ್ಯಾಸದಲ್ಲಿ ಯಂತ್ರದ ದೋಷವೇ ಇರಬೇಕೆಂದಿಲ್ಲ. ನಿಂತು ಓಡಾಡಿದಂತೆ ಡಿಸ್ಕ್‌ನಿಂದ ನೀರು ಹಿಂಡಿಹೋಗುತ್ತದೆ, ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ದಿನವಿಡೀ ಆಳಿನ ಎತ್ತರ ಸುಮಾರು ಶೇ. 1 ಇಳಿಯುತ್ತದೆ, ಅದರಲ್ಲಿ ದೊಡ್ಡ ಪಾಲು ಎದ್ದ ಮೊದಲ ಗಂಟೆಯಲ್ಲೇ. ಆದ್ದರಿಂದ ಎದ್ದ ಕೂಡಲೇ ಸ್ಕ್ಯಾನ್ ಬೇಡ. ಎದ್ದು ಎಷ್ಟು ಹೊತ್ತಾಯಿತು ಎಂದು ಬರೆದಿಡಿ, ಮರುಸ್ಕ್ಯಾನ್ ಅದೇ ವೇಳೆಗೆ ಮಾಡಿ, ಪ್ರತಿಸಲ 30 ನಿಮಿಷ ಅಂಗಾತ ಮಲಗಿಸಿ. ಟಿ2 ಸರಣಿ ಪರೀಕ್ಷೆಯ ಆರಂಭದಲ್ಲಿದ್ದರೆ ಪ್ರತಿಸಲವೂ ಆರಂಭದಲ್ಲೇ ಇರಲಿ.

ಟಿ1ರೋ ಪ್ರೋಟಿಯೋಗ್ಲೈಕಾನ್ (ಡಿಸ್ಕ್‌ನಲ್ಲಿ ನೀರು ಹಿಡಿದಿಡುವ ಅಣು) ನಷ್ಟಕ್ಕೆ ಸ್ಪಂದಿಸುತ್ತದೆ, ಆರಂಭಿಕ ಸವೆತಕ್ಕೆ ಅದರ ಆಕರ್ಷಣೆ ಇರುವುದು ಅಲ್ಲಿ. ಆದರೆ 500 ಹರ್ಟ್ಸ್ ಸ್ಪಿನ್-ಲಾಕ್‌ಗೆ (ಟಿ1ರೋ ಅಳೆಯಲು ಕೊಡುವ ಉದ್ದನೆಯ ರೇಡಿಯೋ ಪಲ್ಸ್) ಸುಮಾರು 11.7 ಮೈಕ್ರೊಟೆಸ್ಲಾ ಬಿ1 ಬೇಕು, ಎಸ್‌ಎಆರ್ (ದೇಹ ಹೀರಿಕೊಳ್ಳುವ ರೇಡಿಯೋ ಶಕ್ತಿ) ಮಿತಿ ಬೇಗ ಎದುರಾಗುತ್ತದೆ. ಬಿ0 (ಮುಖ್ಯ ಕಾಂತಕ್ಷೇತ್ರ), ಬಿ1 ಏರುಪೇರಾದರೆ ಚಿತ್ರದಲ್ಲಿ ಪಟ್ಟೆ ಮೂಡುತ್ತದೆ. ಲಾಕ್ ಅವಧಿಗಳನ್ನು ಬೇರೆ ಬೇರೆ ಸರಣಿಯಾಗಿ ತೆಗೆಯುವುದಾದರೆ ರಿಸೀವರ್ ಗೇನ್ ಬದಲಾಗದಂತೆ ಇಡಿ, ಡೈಕಾಮ್‌ನ (ಚಿತ್ರದ ಕಡತ) ರೀಸ್ಕೇಲ್ ಮೌಲ್ಯ ಸರಣಿಯಿಂದ ಸರಣಿಗೆ ಬದಲಾಗಿದೆಯೇ ನೋಡಿ. ಬದಲಾಗಿದ್ದು ಗಮನಿಸದಿದ್ದರೆ ಫಿಟ್ ನುಣುಪಾಗಿಯೇ ಬರಬಹುದು, ಅಂಕಿ ಮಾತ್ರ ಸುಳ್ಳು. ನನ್ನ ಮಾತು ಕೇಳಿದರೆ ಮೊದಲು ಟಿ2 ಗಟ್ಟಿ ಮಾಡಿಕೊಳ್ಳಿ.

ಗಟ್ಟಿಯಾಯಿತೇ ಎಂದು ತಿಳಿಯಲು ಕೆಲವರನ್ನು ಟೇಬಲ್‌ನಿಂದ ಇಳಿಸಿ, ಮತ್ತೆ ಮಲಗಿಸಿ, ಕಾಯಿಲ್ ಮತ್ತೆ ಹೊಂದಿಸಿ ಇನ್ನೊಮ್ಮೆ ಅಳೆಯಿರಿ. ಒಬ್ಬರದೇ ಅಳತೆಗಳ ನಡುವೆ ಬರುವ ಪ್ರಮಾಣ ವಿಚಲನೆಯನ್ನು 2.77ರಿಂದ ಗುಣಿಸಿ. ಆ ವಿಚಲನೆ 4 ಮಿಲಿಸೆಕೆಂಡ್ ಇದ್ದರೆ 11ಕ್ಕಿಂತ ಕಡಿಮೆ ಬದಲಾವಣೆಯನ್ನು ಒಬ್ಬ ರೋಗಿಯಲ್ಲಿ ಸುಧಾರಣೆ, ಹದಗೆಡುವಿಕೆ ಎಂದು ಬರೆಯಬೇಡಿ. ಯಂತ್ರದ ಮೇಲೆ ನಿಗಾ ಇಡಲು ಮ್ಯಾಂಗನೀಸ್ ಕ್ಲೋರೈಡ್ ಬೆರೆಸಿದ ಅಗಾರ್ ಫ್ಯಾಂಟಮ್ (ರೋಗಿಯ ಬದಲು ಅಳೆಯುವ ಮಾದರಿ) ಸಾಕು. ಹಿಂದಿನ ದಿನವೇ ಸ್ಕ್ಯಾನ್ ಕೋಣೆಯಲ್ಲಿಡಿ ಮತ್ತು ಪ್ರತಿಸಲ ಅದರ ತಾಪಮಾನವನ್ನೂ ದಾಖಲಿಸಿ, ಏಕೆಂದರೆ ತಾಪಮಾನದ ಜೊತೆ ಅದರ ಟಿ2 ಕೂಡ ಬದಲಾಗುತ್ತದೆ.