ಇಳಿಜಾರಿನಲ್ಲಿ ಮರದ ಕ್ಯಾಬಿನ್: ನೆಲ ಕಡಿಯಬೇಕೇ, ಕಂಬ ನಿಲ್ಲಿಸಬೇಕೇ?

ಕೋರಿಕೆ: ಮರಗಳಿರುವ ಇಳಿಜಾರು ಜಾಗದಲ್ಲಿ ಒಂದೇ ಕೋಣೆಯ ಮರದ ಕ್ಯಾಬಿನ್ ಕಟ್ಟಬೇಕೆಂದಿದ್ದೇವೆ. ಮೇಲ್ಭಾಗವನ್ನು ಕಡಿದು ಕೆಳಭಾಗಕ್ಕೆ ತುಂಬಿ ಮಟ್ಟ ಮಾಡಿಕೊಳ್ಳುವುದೋ, ಕಂಬಗಳ ಮೇಲೆ ಕೂರಿಸುವುದೋ ತಿಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಟ್ಟ ಮಾಡುವ ಯೋಚನೆಯನ್ನು ಕೈಬಿಡುವುದೇ ಮೇಲು. ಕಡಿದ ಭಾಗದ ಹಳೆಯ ನೆಲ ಗಟ್ಟಿಯಾಗಿ ನಿಂತರೂ ತುಂಬಿದ ಮಣ್ಣು ಕ್ರಮೇಣ ಕುಸಿಯುತ್ತದೆ. ಎರಡರ ಮೇಲೂ ಕಾಲೂರಿದ ಕಟ್ಟಡದಲ್ಲಿ ಮೊದಲು ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳತೊಡಗುತ್ತದೆ, ಆಮೇಲೆ ಗೋಡೆಯ ಹಲಗೆಗಳ ಸಂದು ಬಾಯಿಬಿಡುತ್ತದೆ. ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಮೀಟರಿನೊಳಗೇ ಹರಡಿರುವುದರಿಂದ, ಅಗೆತದ ಪೆಟ್ಟು ನೀವು ಉಳಿಸಿಕೊಳ್ಳಬೇಕೆಂದಿರುವ ಮರಗಳಿಗೇ ಬೀಳುತ್ತದೆ. ಕ್ಯಾಬಿನ್ನಿನ ಉದ್ದದ ಬದಿಯನ್ನು ಇಳಿಜಾರಿಗೆ ಅಡ್ಡವಾಗಿಡಿ. ನಾಲ್ಕು ಮೀಟರಿಗೆ ಒಂದು ಮೀಟರ್ ಇಳಿಯುವ ಜಾಗದಲ್ಲಿ 6 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಯನ್ನು ಹೀಗಿಟ್ಟರೆ ಕಂಬಗಳ ಎತ್ತರದ ವ್ಯತ್ಯಾಸ ಸುಮಾರು 75 ಸೆಂಟಿಮೀಟರ್. ತಿರುಗಿಸಿಟ್ಟರೆ ಒಂದೂವರೆ ಮೀಟರ್.

ಉತ್ತರ: ಈ ಮಾತಿಗೆ ನನ್ನ ಸಹಮತವಿದೆ, ಆದರೆ ಕಂಬದ ಬುಡದ ಬಗ್ಗೆ ಹೇಳಲೇಬೇಕು. ಬಡಗಿಯಾಗಿ ನಾನು ದುರಸ್ತಿಗೆ ಹೋದ ಮರದ ಕಟ್ಟಡಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಅಲ್ಲಿಯೇ. ಕತ್ತರಿಸಿದ ತುದಿಯಿಂದ ನೀರು ಹೀರುವಷ್ಟು ವೇಗವಾಗಿ ಮರವು ಮೈಯಿಂದ ಹೀರುವುದಿಲ್ಲ, ತೇವಾಂಶ ಶೇ. 20ರೊಳಗೆ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ಅವಕಾಶವಾಗುವುದಿಲ್ಲ. ಹೀಗಾಗಿ ಕಂಬವನ್ನು ಮಣ್ಣಿನಲ್ಲಾಗಲಿ ಕಾಂಕ್ರೀಟಿನಲ್ಲಾಗಲಿ ಹೂಳದೆ, ನೆಲದಿಂದ ಮೇಲೆದ್ದ ಕಾಂಕ್ರೀಟ್ ಪೀಠದ ಮೇಲೆ ಸತು ಲೇಪಿಸಿದ ಉಕ್ಕಿನ ಪಾದವನ್ನು ಕೂರಿಸಿ, ಕಂಬದ ತುದಿಗೂ ಕಾಂಕ್ರೀಟಿಗೂ ನಡುವೆ ಬೆರಳು ತೂರುವಷ್ಟು ತೆರಪು ಬಿಡಿಸಿ. ತೊಲೆಗಳ ಕೆಳಗೆ ಒಬ್ಬರು ತೆವಳಿ ಹೋಗುವಷ್ಟು ಜಾಗವಿದ್ದರೆ ಗೆದ್ದಲು ಕಟ್ಟುವ ಮಣ್ಣಿನ ಕೊಳವೆಗಳು ಕಣ್ಣಿಗೆ ಬೀಳುತ್ತವೆ. ಅಂದಕ್ಕೆಂದು ಅಡಿಯನ್ನು ಪೂರ್ತಿ ಹಲಗೆಯಿಂದ ಮುಚ್ಚುವ ಚಾಳಿ ನನಗಂತೂ ಹಿಡಿಸದು.

ಉತ್ತರ: ಎತ್ತರದ ಕಂಬಗಳೇ ದುರ್ಬಲವೆಂದು ಎಲ್ಲರ ಗಮನ ಕೆಳಬದಿಗೆ ಹೋಗುತ್ತದೆ. ಆದರೆ ಗಾಳಿ ಅಥವಾ ಭೂಕಂಪ ಕಟ್ಟಡವನ್ನು ಪಕ್ಕಕ್ಕೆ ತಳ್ಳುವಾಗ, ಗಿಡ್ಡ ಕಂಬ ಬಾಗದೆ ಬಿಗಿಯಾಗಿ ನಿಲ್ಲುವುದರಿಂದ ಆ ಹೊರೆಯ ದೊಡ್ಡ ಪಾಲು ಅದರ ಮೇಲೆಯೇ ಬೀಳುತ್ತದೆ. ಎತ್ತರದ ಕಂಬಗಳಿಗೆ ಎರಡೂ ದಿಕ್ಕಿನಲ್ಲಿ ಓರೆ ಆಧಾರಗಳನ್ನು ಕೊಟ್ಟರೆ ಈ ಅಸಮತೆ ತಗ್ಗುತ್ತದೆ. ಮೇಲಿನಿಂದ ಹರಿದುಬರುವ ನೀರನ್ನು ಕ್ಯಾಬಿನ್ ತಲುಪುವ ಮೊದಲೇ ಆಳವಿಲ್ಲದ ಕಾಲುವೆಯಿಂದ ಎರಡೂ ಪಕ್ಕಕ್ಕೆ ತಿರುಗಿಸಿ. ಒಂದೇ ಕಡೆ ಸುರಿದರೆ ಅಲ್ಲಿ ಕೊರಕಲು ಬೀಳುತ್ತದೆ. ಮರಗಳು ಬುಡದಲ್ಲಿಯೇ ಬಾಗಿ ಬೆಳೆದಿದ್ದರೆ, ಇಲ್ಲವೇ ನೆಲದಲ್ಲಿ ಅರ್ಧಚಂದ್ರಾಕಾರದ ಬಿರುಕುಗಳಿದ್ದರೆ, ಇಳಿಜಾರೇ ಜರುಗುತ್ತಿರಬಹುದು. ಅಂತಹ ಗುರುತು ಕಂಡರೆ ನಕ್ಷೆ ಬರೆಸುವ ಮೊದಲೇ ಮಣ್ಣು ಪರೀಕ್ಷಿಸಬಲ್ಲ ಎಂಜಿನಿಯರನ್ನು ಕರೆಸಿ.