2007ರ ಕೇಮನ್ ಎಸ್, ಎಂಜಿನ್‌ನಲ್ಲಿ ಟಿಕ್ ಟಿಕ್ ಸದ್ದು. ಒಳಗೆ ಸವೆದಿದೆಯಾ ಅಂತ ತಿಳಿಯುವುದು ಹೇಗೆ?

ಪಡುಬಿದ್ರಿ_ರೋಡ್

ಮಣಿಪಾಲದಲ್ಲಿ ಒಂದು 2007ರ ಪೋರ್ಷೆ ಕೇಮನ್ ಎಸ್ ಮಾರಾಟಕ್ಕುಂಟು. 3.4 ಲೀಟರ್, ಮ್ಯಾನುವಲ್ ಗೇರ್. ಕಾಲೇಜಿನ ಕಾಲದಿಂದ ಕಣ್ಣಿಟ್ಟಿದ್ದ ಕಾರು, ಹಾಗಾಗಿ ಕೇಳಿದ ತಕ್ಷಣ ಹೋಗಿ ನೋಡಿ ಬಂದೆ. ಬಾಡಿ ಚೆನ್ನಾಗಿದೆ, ನಮ್ಮ ಉಪ್ಪುಗಾಳಿಯಲ್ಲಿ ಇಷ್ಟು ವರ್ಷ ಇದ್ದೂ ಅಡಿಯಲ್ಲಿ ತುಕ್ಕಿಲ್ಲ.

ಆದರೆ ಸ್ಟಾರ್ಟ್ ಮಾಡಿದಾಗ ಸೀಟಿನ ಹಿಂದಿನಿಂದ ಒಂದು ಟಿಕ್ ಟಿಕ್ ಸದ್ದು. ಒಂದು ಬದಿಯಲ್ಲಿ ಮಾತ್ರ. ಮಣಿಪಾಲದಿಂದ ಮಲ್ಪೆಗೆ ಹೋಗಿ ಬಂದೆವು, ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಐಡ್ಲಿಂಗ್‌ನಲ್ಲಿ ಅದು ಹಾಗೇ ಇತ್ತು. ಸೈಲೆನ್ಸರ್ ಬಾಯಿಗೆ ಬೆರಳಿಟ್ಟರೆ ಕಪ್ಪು ಮಸಿ, ಸ್ವಲ್ಪ ಜಿಡ್ಡು ಜಿಡ್ಡು. ಮಾಲೀಕರು ಹೇಳುವುದು, ಈ ಎಂಜಿನ್ ಎಲ್ಲಾ ಹೀಗೇ, ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿದ್ದೇವೆ, ಆರೂ ಸಿಲಿಂಡರ್ ಸಮ ಬಂದಿದೆ ಅಂತ. ಮಳೆಗಾಲದಲ್ಲಿ ಕಾರು ಹೊರಗೆ ತೆಗೆಯುವುದಿಲ್ಲವಂತೆ. ವಾರಕ್ಕೊಮ್ಮೆ ಪೋರ್ಚ್‌ನಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡುತ್ತಾರಂತೆ.

ಕಂಪ್ರೆಶನ್ ಸರಿ ಇದ್ದರೆ ಧೈರ್ಯವಾಗಿ ತಗೊಳ್ಳಬಹುದಾ?

ಬೈಕಂಪಾಡಿ_ಸ್ಪ್ಯಾನರ್

ಕಂಪ್ರೆಶನ್ ಒಂದನ್ನೇ ನಂಬಿ ದುಡ್ಡು ಕೊಡಬೇಡಿ ಮಾರಾಯ್ರೆ. ಈ ಎಂಜಿನ್‌ನಲ್ಲಿ ಹೆದರಬೇಕಾದದ್ದು ಬೋರ್ ಸ್ಕೋರಿಂಗ್, ಅಂದರೆ ಸಿಲಿಂಡರ್ ಗೋಡೆಗೆ ಉದ್ದುದ್ದ ಗೀರು ಬೀಳುವುದು. ಇದರಲ್ಲಿ ಕಬ್ಬಿಣದ ಲೈನರ್ ಇಲ್ಲ. ಅಲ್ಯುಮಿನಿಯಂ ಬ್ಲಾಕಿನೊಳಗೆ ಸಿಲಿಕಾನ್ ಸೇರಿಸಿದ ಲೋಕಾಸಿಲ್ ಗೋಡೆ, ಪಿಸ್ಟನ್ ಸ್ಕರ್ಟ್ (ಪಿಸ್ಟನ್‌ನ ಕೆಳಗಿನ ಬದಿ) ಮೇಲೆ ತೆಳ್ಳಗೊಂದು ಕೋಟಿಂಗ್. ಆ ಕೋಟಿಂಗ್ ಹೋಯಿತು ಅಂದರೆ ಅಲ್ಯುಮಿನಿಯಂಗೆ ಅಲ್ಯುಮಿನಿಯಂ ಉಜ್ಜಲು ಶುರು. ಹೆಚ್ಚಾಗಿ ಎರಡನೇ ಬ್ಯಾಂಕಿನಲ್ಲಿ, ಅಂದರೆ ಮೂರು ಮೂರರ ಎರಡು ಸಾಲಿನಲ್ಲಿ ಎರಡನೆಯದರಲ್ಲಿ, 4ರಿಂದ 6ರ ಸಿಲಿಂಡರ್‌ಗಳಲ್ಲಿ ಕಾಣಿಸುತ್ತದೆ. ಗೀರು ಬಿದ್ದದ್ದು ಪಿಸ್ಟನ್ ಒತ್ತುವ ಒಂದು ಮಗ್ಗುಲಿಗೆ ಮಾತ್ರ, ಉಳಿದ ಸುತ್ತಿನಲ್ಲಿ ರಿಂಗ್ ಚೆನ್ನಾಗಿಯೇ ಸೀಲ್ ಆಗಿರುತ್ತದೆ, ಮೇಲಿಂದ ಆಯಿಲ್ ಬೇರೆ ಆ ಸಂದು ತುಂಬುತ್ತದೆ. ಹಾಗಾಗಿ ಕಂಪ್ರೆಶನ್ ಸರಿಯಾಗಿ ತೋರಿಸುವುದೂ ಉಂಟು, ಲೀಕ್‌ಡೌನ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವ ಟೆಸ್ಟ್) ಕೂಡ ಪಾಸ್ ಆಗುವುದೂ ಉಂಟು.

ನೀವು ಬರೆದದ್ದರಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಆ ಪೋರ್ಚ್ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರವಾರ ಹತ್ತು ನಿಮಿಷ ಐಡ್ಲಿಂಗ್ ಅಂದರೆ ಎಂಜಿನ್‌ಗೆ ಒಳ್ಳೆಯದಲ್ಲ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಅದು ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಆಯಿಲ್ ಸರಿಯಾಗಿ ಕಾಯುವ ಮೊದಲೇ ಆಫ್ ಮಾಡಿದರೆ ಆ ಪೆಟ್ರೋಲೂ ನೀರಿನ ಪಸೆಯೂ ಅದರಲ್ಲೇ ಉಳಿಯುತ್ತದೆ. ಮಳೆ ಬಿಟ್ಟ ದಿನ ಅರ್ಧ ಗಂಟೆ ಹೈವೇಯಲ್ಲಿ ಓಡಿಸಬೇಕು, ಇಲ್ಲದಿದ್ದರೆ ಬ್ಯಾಟರಿಗೆ ಟ್ರಿಕಲ್ ಚಾರ್ಜರ್ ಹಾಕಿ ಸುಮ್ನೆ ಬಿಡಬೇಕು.

ಬೋರೋಸ್ಕೋಪ್ ಹಾಕಿಸಿ, ಅಂದರೆ ಒಳಗೆ ಇಳಿಸಿ ನೋಡುವ ಸಣ್ಣ ಕ್ಯಾಮೆರಾ. ಪ್ಲಗ್ ತೂತಿನಿಂದ ಮಾತ್ರ ಅಲ್ಲ, ಸಂಪ್ ಪ್ಲೇಟ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಬಿಚ್ಚಿ ಕೆಳಗಿನಿಂದ. ಗೀರು ಶುರುವಾಗುವುದು ಸ್ಕರ್ಟ್ ಓಡಾಡುವ ಕೆಳಭಾಗದಲ್ಲಿ, ಮೇಲಿನಿಂದ ನೋಡಿದರೆ ಅದು ತಪ್ಪಿ ಹೋಗುತ್ತದೆ.

ಕದ್ರಿ_986

ಬೈಕಂಪಾಡಿಯವರು ಹೇಳಿದ್ದು ಸರಿ, ಆದರೆ ಟಿಕ್ ಅಂದ ಕೂಡಲೇ ಸ್ಕೋರಿಂಗ್ ಅಂತ ತೀರ್ಮಾನ ಬೇಡ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಹೈಡ್ರಾಲಿಕ್ ಲಿಫ್ಟರ್ (ವಾಲ್ವ್ ಒತ್ತುವ, ಒಳಗೆ ಆಯಿಲ್ ತುಂಬಿರುವ ಪಾರ್ಟ್) ಖಾಲಿಯಾಗಿ ಇದೇ ತರ ಸದ್ದು ಮಾಡುತ್ತದೆ. ಮಲ್ಪೆಗೆ ಹೋಗಿ ಬಂದದ್ದು ಸಾಲದು. ಹೈವೇ 66ರಲ್ಲಿ ಉಡುಪಿಯಿಂದ ಮೂಲ್ಕಿವರೆಗೆ ಒಮ್ಮೆ ಎಳೆದು ನೋಡಿ. ಲಿಫ್ಟರ್ ಆಗಿದ್ದರೆ ಸದ್ದು ಕಡಿಮೆಯಾಗುವ ಸಾಧ್ಯತೆ ಉಂಟು. ಮೆಕ್ಯಾನಿಕ್ ಸ್ಟೆತೊಸ್ಕೋಪ್ ಇಟ್ಟು ಕೇಳಿದರೆ ಸದ್ದು ಹೆಡ್ ಕಡೆಯಿಂದಲೋ ಬ್ಲಾಕ್ ಕಡೆಯಿಂದಲೋ ಅಂತ ಅಂದಾಜಾಗುತ್ತದೆ.

ಸೈಲೆನ್ಸರ್ ಬಾಯಿಯ ಜಿಡ್ಡು ನೋಡಿದರೆ ಎಂಜಿನ್ ಆಯಿಲ್ ಕುಡಿಯುತ್ತಿರಬಹುದು. ಅದಕ್ಕೂ ಇನ್ನೊಂದು ಕಾರಣ ಇದೆ, ಏರ್ ಆಯಿಲ್ ಸೆಪರೇಟರ್, ಎಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಬೇರೆ ಮಾಡುವ ಪಾರ್ಟ್. ಅದರ ಡಯಾಫ್ರಮ್ ಹರಿದರೆ ಆಯಿಲ್ ನೇರ ಇನ್‌ಟೇಕ್‌ಗೆ ಹೋಗುತ್ತದೆ. ಎಂಜಿನ್ ಓಡುವಾಗ ಹಿಂದಿನ ಡಿಕ್ಕಿಯಲ್ಲಿರುವ ಆಯಿಲ್ ಕ್ಯಾಪ್ ತೆಗೆಯಲು ನೋಡಿ. ಒಳಗಿನಿಂದ ಬಿಗಿಯಾಗಿ ಎಳೆದು ಹಿಡಿದಂತೆ ಅನಿಸಿದರೆ ಅದೇ ಕೆಟ್ಟಿರಬಹುದು. ಇದು ಬದಲಿಸುವ ಪಾರ್ಟ್, ಎಂಜಿನ್ ಬಿಚ್ಚಬೇಕಿಲ್ಲ. ಬೆಳಿಗ್ಗೆ ಸ್ಟಾರ್ಟ್‌ನಲ್ಲಿ ಒಂದು ಸಲ ನೀಲಿ ಹೊಗೆ ಬಂದರೆ ಗಾಬರಿ ಬೇಡ. ಸಿಲಿಂಡರ್‌ಗಳು ಅಡ್ಡ ಮಲಗಿದ ಎಂಜಿನ್ ಅಲ್ವಾ, ಸಿಲಿಂಡರಿನಲ್ಲಿ ಸ್ವಲ್ಪ ಆಯಿಲ್ ನಿಂತಿರುತ್ತದೆ.

ಐಎಂಎಸ್ (ಕ್ಯಾಮ್‌ಶಾಫ್ಟ್ ತಿರುಗಿಸುವ ನಡುವಿನ ಶಾಫ್ಟ್) ಬೇರಿಂಗ್ ಬಗ್ಗೆಯೂ ಜನ ಹೆದರಿಸುತ್ತಾರೆ. 2006ರ ನಂತರ ಅದು ದೊಡ್ಡ ಬೇರಿಂಗ್, ಕೈಕೊಡುವುದು ಕಡಿಮೆ. ಆದರೆ ಬದಲಿಸಬೇಕಾದರೆ ಎಂಜಿನ್ ಕೇಸ್ ಬೇರೆ ಮಾಡಲೇಬೇಕು.

ಪಡುಬಿದ್ರಿ_ರೋಡ್

ತುಂಬಾ ಉಪಕಾರ ಇಬ್ಬರಿಗೂ. ಕ್ಯಾಪ್ ಇವತ್ತು ಸಂಜೆಯೇ ನೋಡುತ್ತೇನೆ. ಸಂಪ್ ಬಿಚ್ಚಲು ಮಾಲೀಕರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಮೊದಲು ಮಾಡಬಹುದಾದದ್ದು ಏನಾದರೂ ಉಂಟಾ?

ಬೈಕಂಪಾಡಿ_ಸ್ಪ್ಯಾನರ್

ಉಂಟು. ಆಯಿಲ್ ಸರ್ವಿಸ್ ನಿಮ್ಮ ಖರ್ಚಿನಲ್ಲೇ ಮಾಡಿಸುತ್ತೇನೆ ಅನ್ನಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಹಳೆ ಫಿಲ್ಟರ್ ಬಿಸಾಡಲು ಬಿಡಬೇಡಿ. ಪೇಪರ್ ಕತ್ತರಿಸಿ, ಮಡಿಕೆ ಒಂದೊಂದಾಗಿ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಚೂರು ಕಂಡರೆ ಮ್ಯಾಗ್ನೆಟ್ ತಾಗಿಸಿ. ಅಂಟದಿದ್ದರೆ ಅಲ್ಯುಮಿನಿಯಂ ಅಂತ ಅನುಮಾನ ಪಡಿ, ಅಂಟಿದರೆ ಪಿಸ್ಟನ್ ಕೋಟಿಂಗೋ ಬೇರಿಂಗೋ ಆಗಿರಬಹುದು. ಪ್ಲಾಸ್ಟಿಕ್ ಚೂರು ಇದ್ದರೆ ಟೈಮಿಂಗ್ ಚೈನ್ ಉಜ್ಜಿಕೊಂಡು ಓಡುವ ಪ್ಯಾಡ್ ಸವೆದಿರಬಹುದು. ಅದೇ ಹೊತ್ತಿಗೆ ಸ್ಕ್ಯಾನರ್ ಹಾಕಿ ಕ್ಯಾಮ್‌ಶಾಫ್ಟ್ ಡೀವಿಯೇಶನ್ (ವಾಲ್ವ್ ಟೈಮಿಂಗ್ ಎಷ್ಟು ತಪ್ಪಿದೆ ಅನ್ನುವುದು), ಸಿಲಿಂಡರ್‌ವಾರು ಮಿಸ್‌ಫೈರ್, ಓವರ್‌ರೆವ್ ದಾಖಲೆ ಮೂರನ್ನೂ ತೆಗೆಸಿ. ಮ್ಯಾನುವಲ್ ಕಾರಿನಲ್ಲಿ ತಪ್ಪು ಗೇರ್ ಬಿದ್ದ ಲೆಕ್ಕ ಇಸಿಯುನಲ್ಲಿ (ಎಂಜಿನ್ ಕಂಪ್ಯೂಟರ್) ಉಳಿದಿರುತ್ತದೆ.

ಫಿಲ್ಟರ್ ಕ್ಲೀನಾಗಿ ಬಂದರೂ ಸಂಪ್ ಬಿಚ್ಚಿಸಿ ನೋಡಿಯೇ ತಗೊಳ್ಳಿ. ಗೀರು ಇದ್ದರೆ ಎಂಜಿನ್ ಪೂರ್ತಿ ಬಿಚ್ಚಿ ಹೊಸ ಲೈನರ್ ಹಾಕಿಸಬೇಕು, ಅದು ನಮ್ಮೂರಿನಲ್ಲಿ ಮುಗಿಯುವ ಕೆಲಸ ಅಲ್ಲ. ನೋಡಿದ ಮೇಲೆ ಸಂಪ್ ಪ್ಲೇಟ್ ವಾಪಸ್ ಕೂರಿಸುವಾಗ ಸೀಲೆಂಟ್ ತೆಳ್ಳಗೆ ಹಚ್ಚಲು ಹೇಳಿ, ಜಾಸ್ತಿಯಾಗಿ ಒಳಗೆ ಉದುರಿದರೆ ಆಯಿಲ್ ಎಳೆಯುವ ಪಿಕಪ್ ಕೊಳವೆ ಕಟ್ಟಿಕೊಳ್ಳುತ್ತದೆ. ಇಷ್ಟಕ್ಕೂ ಮಾಲೀಕರು ಒಪ್ಪದಿದ್ದರೆ ಆ ಕಾರು ಬಿಟ್ಟುಬಿಡಿ.