ಪದಚರ್ಚೆ: ಮ್ಯಾಕ್ಯುಲಾಕ್ಕೆ ಕೊಡುವ ರೇಡಿಯೇಷನ್‌ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ನಾಳೆ ಸಂಜೆಯೊಳಗೆ ಒಂದು ಒಪ್ಪಿಗೆ ಪತ್ರದ ಅನುವಾದ ಮುಗಿಯಬೇಕು. ರೋಗ: ವಯಸ್ಸಾದವರ ಮ್ಯಾಕ್ಯುಲರ್ ಡಿಜನರೇಷನ್, ‘ವೆಟ್’ ಬಗೆ. ಚಿಕಿತ್ಸೆ: ಸ್ಟೀರಿಯೊಟ್ಯಾಕ್ಟಿಕ್ ರೇಡಿಯೊಥೆರಪಿ (ಬೇರೆ ಬೇರೆ ಕೋನದಿಂದ ಒಂದೇ ಗುರಿಗೆ ಬಿಡುವ ರೇಡಿಯೇಷನ್), ಒಂದೇ ಸಲ, 16 ಗ್ರೇ (ರೇಡಿಯೇಷನ್ ಅಳತೆ). ಸದ್ಯ ಬರೆದಿರುವುದು: ‘ಆರ್ದ್ರ ಪೀತಬಿಂದು ಕ್ಷಯಕ್ಕೆ ತ್ರಿವಿಮ ಕಿರಣ ಚಿಕಿತ್ಸೆ, ಸೂಜಿಮದ್ದಿನ ಬದಲಿಗೆ’. ನನಗೇ ಒಗ್ಗುತ್ತಿಲ್ಲ.
— ವ.

ಮೊದಲು ‘ಕ್ಷಯ’ ತೆಗೆಯಿರಿ, ಟಿ.ಬಿ. ಎಂದುಕೊಳ್ಳುತ್ತಾರೆ. ‘ಸವೆತ’ ಸಾಕು, ಮೂಳೆ ಸವೆತ ಯಾರಿಗೆ ಗೊತ್ತಿಲ್ಲ? ‘ಆರ್ದ್ರ’ ಯಾರಿಗೂ ಅರ್ಥವಾಗದು, ‘ಒದ್ದೆ’ ಎಂದರೆ ಕಣ್ಣಲ್ಲಿ ನೀರು ಸುರಿಯುವ ತೊಂದರೆ ಎಂದಾದೀತು. ಅಲ್ಲಿ ಆಗುವುದೇನು? ಅಕ್ಷಿಪಟಲದ ಅಡಿಯಲ್ಲಿ ಹೊಸದಾಗಿ ಹುಟ್ಟಿದ ರಕ್ತನಾಳಗಳಿಂದ ದ್ರವವೋ ರಕ್ತವೋ ಸೋರುತ್ತದೆ. ‘ಸೋರುವ ಬಗೆ’ ಎನ್ನಿ. ಪೀತಬಿಂದು, ಹಳದಿ ಚುಕ್ಕೆ ಎಂದರೆ ಕನ್ನಡಿ ಮುಂದೆ ನಿಂತು ಕಣ್ಣಿನ ಬಿಳಿಯಲ್ಲಿ ಹುಡುಕುತ್ತಾರೆ. ‘ಮ್ಯಾಕ್ಯುಲಾ’ ಉಳಿಸಿ, ‘ಅಕ್ಷಿಪಟಲದ ನಡುಭಾಗ’ ಎಂದು ಒಮ್ಮೆ ಬಿಡಿಸಿ ಹೇಳಿ.

ಬರೀ ‘ಕಿರಣ’ ಬೇಡ. ಲೇಸರ್ ಕೂಡ ಕಿರಣವೇ, ಅದು ಸುಡುತ್ತದೆ. ಇದು ಎಕ್ಸ್‌ರೇ, ವಿಭಜನೆಯಾಗುತ್ತಿರುವ ಕೋಶಗಳ ಡಿಎನ್‌ಎ ಕೆಡಿಸುತ್ತದೆ. ‘ವಿಕಿರಣ’ವೇ ಸರಿ.
— ರಾ.

ಸರಿಯಲ್ಲ. ‘ಕೄ’ ಧಾತುವಿಗೆ ಚೆಲ್ಲು, ಎರಚು ಎಂದರ್ಥ. ‘ವಿ’ ಸೇರಿದರೆ ದಿಕ್ಕಾಪಾಲಾಗಿ ಎರಚುವುದು, ವಿಕೀರ್ಣ ನೋಡಿ. ಇಲ್ಲಿ ಮೂರು ಕಿರಣಗಳು ಕಣ್ಣಿನ ಬಿಳಿಭಾಗದ ಕೆಳಗಡೆಯಿಂದ ಬೇರೆ ಬೇರೆ ಕೋನದಲ್ಲಿ, ಮಸೂರವನ್ನು ತಪ್ಪಿಸಿ ಒಳಹೊಕ್ಕು, ಮ್ಯಾಕ್ಯುಲಾದ ಸುಮಾರು 4 ಮಿ.ಮೀ. ಜಾಗದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಧಾತ್ವರ್ಥಕ್ಕೆ ಹೊಂದುವುದು ‘ಸಂಕಿರಣ’.
— ಶಂ.

‘ನಿಮ್ಮ ಕಣ್ಣಿನಲ್ಲಿ ಸಂಕಿರಣ ಏರ್ಪಡಿಸಲಾಗಿದೆ.’ ಅಧ್ಯಕ್ಷತೆ ಯಾರದು, ಶಂ. ಅವರೇ?
— ರಾ.

ಇಬ್ಬರಿಗೂ ಸಂಸ್ಕೃತದ ಹಂಗು ಬಿಡದು. ‘ಕದಿರು’ ಇರುವಾಗ ಕಿರಣವೇಕೆ? ‘ಗುರಿಗದಿರು ಮದ್ದು’ ಎನ್ನಿ, ಮುಗಿಯಿತು. ಇನ್ನು ಮ್ಯಾಕ್ಯುಲಾ ಎಂದರೂ ಲ್ಯಾಟಿನ್ನಿನಲ್ಲಿ ಚುಕ್ಕೆಯೇ. ಅವರು ಚುಕ್ಕೆ ಎಂದರೆ ಶಾಸ್ತ್ರ, ನಾವೆಂದರೆ ಹಳ್ಳಿಮಾತೋ?
— ತಿ.

ಚುಕ್ಕೆಯ ಮಾತು ನಿಜ, ಆದರೆ ಒಪ್ಪಿಗೆ ಪತ್ರ ನ್ಯಾಯ ತೀರಿಸುವ ಜಾಗವಲ್ಲ. ಕದಿರು ಎಂದರೆ ನೂಲುವ ಕದಿರೂ ಹೌದು, ಚೂಪಾದ ಕಬ್ಬಿಣದ ಕಡ್ಡಿ. ಕಣ್ಣಿಗೆ ಅದನ್ನು ಬಿಡುತ್ತೇವೆಂದರೆ ಸಹಿ ಹಾಕುವವರಾರು?

ವ., ಇವೆಲ್ಲಕ್ಕಿಂತ ದೊಡ್ಡ ತಪ್ಪು ನಿಮ್ಮ ‘ಬದಲಿಗೆ’. ‘ಜೊತೆಗೆ’ ಆಗಬೇಕು. ವಿಕಿರಣದಿಂದ ಸೂಜಿ ಕಡಿಮೆಯಾಗಬಹುದು, ನಿಲ್ಲುವುದಿಲ್ಲ: ಬ್ರಿಟನ್ನಿನ ‘ಸ್ಟಾರ್’ ಎಂಬ ಚಿಕಿತ್ಸಾ ಪ್ರಯೋಗದಲ್ಲಿ ಎರಡು ವರ್ಷಕ್ಕೆ ವಿಕಿರಣವಿಲ್ಲದವರಿಗೆ ಸರಾಸರಿ 13.3 ಸೂಜಿ ಬೇಕಾದರೆ ಪಡೆದವರಿಗೆ 10.7, ಅಷ್ಟೇ. ‘ಬದಲಿಗೆ’ ಎಂದು ಓದಿದವರು ತಪಾಸಣೆಗೇ ಬರದೆ ದೃಷ್ಟಿ ಕಳೆದುಕೊಂಡಾರು. ‘ಅಡ್ಡಪರಿಣಾಮ’ವನ್ನೂ ಬಿಡಿಸಿ ಬರೆಯಿರಿ: ಅಕ್ಷಿಪಟಲದ ಕಿರುರಕ್ತನಾಳಗಳು ಕೆಡಬಹುದು, ಅದೂ ಚಿಕಿತ್ಸೆಯಾಗಿ ಎಷ್ಟೋ ತಿಂಗಳಾದ ಮೇಲೆ. ಕಾಲ ಹೇಳದಿದ್ದರೆ ಮರುದಿನ ಕಣ್ಣು ಚೆನ್ನಾಗಿದೆ, ಗಂಡಾಂತರ ಕಳೆಯಿತು ಎಂದುಕೊಳ್ಳುತ್ತಾರೆ.
— ರಾ.

ತಿದ್ದಿದೆ: ‘ವಯಸ್ಸಿನಿಂದಾಗುವ ಮ್ಯಾಕ್ಯುಲಾ ಸವೆತಕ್ಕೆ (ಸೋರುವ ಬಗೆ) ಸೂಜಿಮದ್ದಿನ ಜೊತೆಗೆ ಒಮ್ಮೆ ಕೊಡುವ ಗುರಿನೆಟ್ಟ ವಿಕಿರಣ ಚಿಕಿತ್ಸೆ’. ‘ಗ್ರೇ’ ಹಾಗೇ ಇರಲಿ ತಾನೇ?
— ವ.

ಇರಲಿ. ಅದು ಎಲ್.ಎಚ್. ಗ್ರೇ ಎಂಬ ವಿಜ್ಞಾನಿಯ ಹೆಸರು, ಬೂದುಬಣ್ಣವಲ್ಲ.
— ರಾ.

ಸವೆತ, ಸೋರು, ಗುರಿ, ನೆಡು. ಕೊನೆಗೆ ಕೆಲಸಕ್ಕೆ ಬಂದದ್ದು ಯಾವ ನುಡಿಯೆಂದು ಶಂ. ಅವರು ಗಮನಿಸಲಿ.
— ತಿ.

‘ಚಿಕಿತ್ಸೆ’ ಬಿಟ್ಟಿರಿ.
— ಶಂ.